ಬೇಟೆ ಬ್ಯಾಗಿನಲ್ಲಿ ನೀರಿನ ಚೀಲ: ಮೂರು ಲೀಟರ್ ಹೊರುವುದು, ಸದ್ದಿಲ್ಲದೆ

ನನ್ನ ಭಾವ ಅಮೆರಿಕದಿಂದ ಬರುವಾಗ ತಂದ ಬ್ಯಾಗ್ ಅದು. ಅಲ್ಲಿ ಜಿಂಕೆ ಬೇಟೆಗೆ ಹೋಗುವವರು ಹೊರುವಂಥದ್ದು. ಯಾರೋ ಬಳಸಿ ಬಿಟ್ಟದ್ದನ್ನು ಅಗ್ಗಕ್ಕೆ ಕೊಂಡಿದ್ದರಂತೆ. ಭುಜದ ಪಟ್ಟಿಯ ಹೊಲಿಗೆ ಬಿಟ್ಟುಹೋದ ಮೇಲೆ, "ನಿನ್ನದು ಹೇಗೂ ಕುಶನ್ ಅಂಗಡಿ ಅಲ್ವಾ, ಸರಿ ಮಾಡಿ ನೀನೇ ಇಟ್ಟುಕೋ ಮಾರಾಯ" ಎಂದು ನನ್ನ ತಲೆಗೆ ಕಟ್ಟಿದರು.

ಉಡುಪಿಯಲ್ಲಿ ನಾನು ರಿಕ್ಷಾ ಸೀಟು, ಬೈಕ್ ಸೀಟು, ಸೋಫಾ ಹೊಲಿಯುತ್ತೇನೆ. ಜೂನ್ ಬಂತೆಂದರೆ ಶಾಲೆ ಮಕ್ಕಳ ಬ್ಯಾಗುಗಳೂ ಬರುತ್ತವೆ. ಭಾನುವಾರ ಮಾತ್ರ ಬಾಗಿಲು ಹಾಕಿ ಕ್ಯಾಮೆರಾ ಹಿಡಿದು ಹಕ್ಕಿ ನೋಡಲು ಹೊರಡುತ್ತೇನೆ. ಸೋಮೇಶ್ವರ, ಆಗುಂಬೆ, ಕುದುರೆಮುಖ, ಕೊಡಚಾದ್ರಿ, ಎಲ್ಲಿ ಆಗುತ್ತದೋ ಅಲ್ಲಿ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ಆದರೂ ಬೇಟೆಯವನಿಗೂ ಹಕ್ಕಿ ನೋಡುವವನಿಗೂ ಬೇಕಾದದ್ದು ಹೆಚ್ಚುಕಡಿಮೆ ಒಂದೇ. ಕೈ ಖಾಲಿ ಇರಬೇಕು, ಸದ್ದಾಗಬಾರದು, ಗಂಟೆಗಟ್ಟಲೆ ಕೂರಲು ನೀರಿರಬೇಕು. ಆ ಬ್ಯಾಗನ್ನು ಬಿಚ್ಚಿ ಹೊಲಿಯುವಾಗಲೇ ನನಗೆ ಇದು ಹೊಳೆದದ್ದು. ಬಟ್ಟೆ ರೆಕ್ಸಿನ್ ಥರ ಕರಕರ ಅನ್ನುವುದಿಲ್ಲ, ಉಣ್ಣೆಯಂತೆ ಮೆತ್ತಗಿದೆ. ಬಂದೂಕಿನ ಹಿಡಿಯನ್ನು ಕೂರಿಸಲು ತಳದಲ್ಲಿ ಒಂದು ಜೇಬು ಇದೆ. ಅದರಲ್ಲಿ ನನ್ನ ಟ್ರೈಪಾಡಿನ ಕಾಲು ಸರಿಯಾಗಿ ಕೂರುತ್ತದೆ. ಬೆನ್ನಿಗೆ ಅಂಟಿಕೊಂಡಂತೆ ಒಳಗೆ ಚಪ್ಪಟೆಯಾದ ಇನ್ನೊಂದು ಜೇಬು, ಮೇಲೆ ಒಂದು ಕೊಂಡಿ, ಭುಜದ ಹತ್ತಿರ ಸಣ್ಣ ಸೀಳು. ಅದು ನೀರಿನ ಚೀಲಕ್ಕೆ.

ನೀರಿನ ಚೀಲ ಅಂದರೆ ಹೈಡ್ರೇಶನ್ ಬ್ಲಾಡರ್. ದಪ್ಪ ಪ್ಲಾಸ್ಟಿಕ್ಕಿನ ಚೀಲ, ತಳದಿಂದ ಹೊರಡುವ ಪೈಪು, ಪೈಪಿನ ತುದಿಯಲ್ಲಿ ಕಚ್ಚಿದರೆ ಮಾತ್ರ ತೆರೆಯುವ ಸಿಲಿಕೋನ್ ವಾಲ್ವ್. ಅಮ್ಮ ಮೊದಲ ಸಲ ನೋಡಿದಾಗ, "ಎಂತ ಮಗ, ಗ್ಲೂಕೋಸ್ ಏರಿಸಿಕೊಂಡು ಹೊರಟದ್ದಾ?" ಎಂದು ಕೇಳಿದ್ದರು. ಅಮ್ಮ ಹೇಳಿದ್ದು ತಪ್ಪೇನಲ್ಲ. 1980ರ ದಶಕದ ಕೊನೆಯಲ್ಲಿ ಟೆಕ್ಸಾಸಿನ ಸುಡು ಬಿಸಿಲಿನ ನೂರು ಮೈಲಿ ಸೈಕಲ್ ಓಟಕ್ಕೆ ಮೈಕಲ್ ಐಡ್ಸನ್ ಎಂಬವರು ಹೊರಟಿದ್ದರು. ಅವರು ಆಂಬುಲೆನ್ಸ್ ಕೆಲಸ ಗೊತ್ತಿದ್ದವರು. ಡ್ರಿಪ್ ಚೀಲಕ್ಕೇ ನೀರು ತುಂಬಿ, ಅದನ್ನು ಉದ್ದದ ಕಾಲುಚೀಲದೊಳಗೆ ಹಾಕಿ ಅಂಗಿಯ ಬೆನ್ನಿಗೆ ತುರುಕಿಕೊಂಡರು. ಪೈಪಿನ ಬಾಯಿಗೆ ಬಟ್ಟೆ ಒಣಗಿಸುವ ಕ್ಲಿಪ್. ಕ್ಯಾಮಲ್‌ಬ್ಯಾಕ್ ಕಂಪನಿ ಹುಟ್ಟಿದ್ದೇ ಅಲ್ಲಿಂದ.

ಕೊಳ್ಳುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎರಡು ಲೀಟರಿನದು ಸಾಕು ಅನ್ನಿಸಿದರೂ ಮೂರರದನ್ನೇ ತೆಗೆದುಕೊಳ್ಳಿ. ದೊಡ್ಡದರಲ್ಲಿ ಕಡಿಮೆ ತುಂಬಬಹುದು, ಸಣ್ಣದರಲ್ಲಿ ಜಾಸ್ತಿ ತುಂಬಲಾಗುವುದಿಲ್ಲ. ಬಾಯಿ ಅಗಲ ಇರಲಿ, ಕೈ ಒಳಗೆ ಹೋಗಬೇಕು. ಅದು ಯಾಕೆ ಎಂದು ಕಡೆಗೆ ಹೇಳುತ್ತೇನೆ. ವಾಲ್ವ್‌ಗೆ ಬೀಗದಂತಹ ಪುಟ್ಟ ಸನ್ನೆ ಇರಬೇಕು. ಪೈಪನ್ನು ಚೀಲದಿಂದ ಒತ್ತಿ ಕಳಚುವ ಜೋಡಣೆ ಇದ್ದರೆ ಇನ್ನೂ ಒಳ್ಳೆಯದು.

ಹೊಸದನ್ನು ತಂದ ದಿನವೇ ಬ್ಯಾಗಿಗೆ ಹಾಕಬೇಡಿ. ನನ್ನ ಮೊದಲನೆಯದು ಅಂಥ ಆತುರಕ್ಕೆ ಹೋಯಿತು. ಚೀಲದ ಅಂಚಿನ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಹೆಬ್ರಿ ದಾಟುವಷ್ಟರಲ್ಲಿ ಬೆನ್ನು ತಣ್ಣಗಾಯಿತು. ಬೆವರು ಅಂದುಕೊಂಡೆ. ನಿಲ್ಲಿಸಿ ನೋಡಿದರೆ ಬದಲಿ ಬಟ್ಟೆ, ಅವಲಕ್ಕಿ ಕಟ್ಟು, ಹಕ್ಕಿ ಪುಸ್ತಕ ಎಲ್ಲ ಒದ್ದೆಮುದ್ದೆ. ಈಗ ಪೂರ್ತಿ ತುಂಬಿಸಿ, ಹಳೆ ಪೇಪರಿನ ಮೇಲೆ ಮಲಗಿಸಿ, ಮೇಲೆ ಎರಡು ಕಿಲೋ ಕುಚಲಕ್ಕಿಯ ಚೀಲ ಇಟ್ಟು ರಾತ್ರಿಯಿಡೀ ಬಿಡುತ್ತೇನೆ. ಬೆಳಿಗ್ಗೆ ಪೇಪರಿನಲ್ಲಿ ಕಲೆ ಇಲ್ಲದಿದ್ದರೆ ಪಾಸ್. ತೂತಾದರೆ ಪಂಚರ್ ಅಂಗಡಿಯ ಪ್ಯಾಚ್ ಹಾಕಲು ಹೋಗಬೇಡಿ. ನಾನು ಹಾಕಿದ್ದು ಒಂದು ವಾರವೂ ನಿಲ್ಲಲಿಲ್ಲ, ನೀರಿಗೆ ಸೊಲ್ಯೂಶನ್ ವಾಸನೆ ಬೇರೆ. ಕುಡಿಯುವ ಚೀಲಕ್ಕೆ ಅದು ಬೇಡವೇ ಬೇಡ.

ಈಗ ಕೂರಿಸುವ ವಿಷಯ. ಜಾಸ್ತಿ ಜನ ಎಡವುವುದು ಇಲ್ಲಿ. ಬ್ಯಾಗಿಗೆ ಸಾಮಾನು ತುಂಬಿ, ಕಡೆಗೆ ನೀರಿನ ಚೀಲ ತುರುಕುತ್ತಾರೆ. ಅದು ಇಳಿಯುವುದಿಲ್ಲ. ಒತ್ತಿ ಒತ್ತಿ ಅರ್ಧದಲ್ಲಿ ಮಡಚಿಕೊಳ್ಳುತ್ತದೆ. ಕ್ರಮ ಉಲ್ಟಾ ಆಗಬೇಕು. ಬ್ಯಾಗ್ ಖಾಲಿ ಇರುವಾಗ, ತುಂಬಿದ ಚೀಲವನ್ನು ಬೆನ್ನ ಕಡೆಯ ಜೇಬಿಗೆ ಇಳಿಸಿ, ಮೇಲಿನ ಕೊಂಡಿಗೆ ನೇತುಹಾಕಿ. ಆಮೇಲೆ ಉಳಿದ ಸಾಮಾನು. ಮೂರು ಲೀಟರ್ ಅಂದರೆ ಮೂರು ಕಿಲೋ. ಈ ಬೇಟೆ ಬ್ಯಾಗ್ ಒಳಗೆ ಚೌಕಟ್ಟು ಇರುವುದರಿಂದ ಖಾಲಿಯೇ ಭಾರ. ನಮ್ಮ ಅಂಗಡಿಯ ತಕ್ಕಡಿಯಲ್ಲಿ 2 ಕಿಲೋ 900 ಗ್ರಾಂ ತೂಗಿತು. ಇಷ್ಟು ಭಾರ ಬೆನ್ನೆಲುಬಿಗೆ ಅಂಟಿಕೊಂಡು, ಹೆಗಲ ಮೂಳೆಗಳ ನಡುವೆ ಇದ್ದರೆ ಗೊತ್ತಾಗುವುದಿಲ್ಲ. ಅದೇ ಹೊರಗಡೆಯ ಜೇಬಿನಲ್ಲಿದ್ದರೆ ಹಿಂದಿನಿಂದ ಯಾರೋ ಎಳೆದಂತೆ ಆಗುತ್ತದೆ. ಏರು ಹತ್ತುವಾಗ ಇದು ಚೆನ್ನಾಗಿ ತಿಳಿಯುತ್ತದೆ.

ನೇತುಹಾಕುವುದನ್ನು ಸುಮ್ನೆ ಬಿಡಬೇಡಿ. ಕೊಂಡಿ ಇಲ್ಲದಿದ್ದರೆ ಚೀಲ ನೀರು ಕಡಿಮೆಯಾದಂತೆ ಕುಸಿದು ತಳದಲ್ಲಿ ಮುದ್ದೆಯಾಗುತ್ತದೆ. ಪೈಪು ಹೊರಡುವುದೂ ತಳದಿಂದಲೇ, ಹಾಗಾಗಿ ಅಲ್ಲಿ ಮಡಿಕೆ ಬಿದ್ದು ನೀರು ನಿಂತುಹೋಗುತ್ತದೆ. ಒಳಗೆ ಅರ್ಧ ಲೀಟರ್ ಇರುತ್ತದೆ, ನೀವು ಎಷ್ಟು ಚೀಪಿದರೂ ಬರುವುದಿಲ್ಲ. ಇನ್ನೊಂದು ಗಮನಿಸಿ. ಬ್ಯಾಗನ್ನು ತೀರ ಬಿಗಿಯಾಗಿ ತುಂಬಿದರೆ ತುಂಬಿದ ಚೀಲ ಉರುಟಾಗಿ ಬೆನ್ನಿಗೆ ಒನಕೆ ಇಟ್ಟಂತೆ ಒತ್ತುತ್ತದೆ. ಆಗ ಕಾಲು ಭಾಗ ನೀರು ಕಡಿಮೆ ಮಾಡಿ, ಚೀಲವನ್ನು ಅಂಗೈಯಿಂದ ತಟ್ಟಿ ಚಪ್ಪಟೆ ಮಾಡಿ. ದೋಸೆಹಿಟ್ಟು ಸರಿಮಾಡಿದ ಹಾಗೆ.

ನಿಮ್ಮ ಬ್ಯಾಗಿನಲ್ಲಿ ಈ ಜೇಬೇ ಇಲ್ಲವೇ? ಹೊಲಿಸಿಕೊಳ್ಳಬಹುದು, ಗಂಟೆಯ ಕೆಲಸ. ಚೀಲವನ್ನು ತುಂಬಿಸಿ ಅಗಲ, ಉದ್ದ ಅಳೆಯಿರಿ. ಖಾಲಿ ಚೀಲದ ಅಳತೆ ಹಿಡಿದರೆ ಮೋಸ ಹೋಗುತ್ತೀರಿ. ಬಟ್ಟೆ ಬಲೆಯದ್ದಾಗಲಿ, ನೀರು ಸೋರಿದರೆ ನಿಲ್ಲುವುದಿಲ್ಲ. ಮೇಲೆ ಒಂದಿಂಚು ಅಗಲದ ನೈಲಾನ್ ಬೆಲ್ಟಿನ ಕುಣಿಕೆ. ಮುಖ್ಯವಾದದ್ದು ಇದು: ಸೂಜಿ ಬ್ಯಾಗಿನ ಹೊರ ಬಟ್ಟೆಯನ್ನು ಚುಚ್ಚಬಾರದು. ಒಳಗೆ ಈಗಾಗಲೇ ಇರುವ ಜೋಡಣೆ ಹೊಲಿಗೆಯ ಅಂಚಿಗೆ ಸೇರಿಸಿ ಹೊಲಿಯಬೇಕು. ಹೊರಗೆ ಬಂದ ಪ್ರತಿ ಸೂಜಿ ತೂತೂ ನಮ್ಮ ಮಳೆಗೆ ಒಂದು ನಳ್ಳಿ. ಪೈಪಿಗಾಗಿ ಬಟ್ಟೆ ಕತ್ತರಿಸಿ ಐಲೆಟ್ (ತೂತಿನ ಅಂಚಿಗೆ ಹಾಕುವ ಬಳೆ) ಹೊಡೆಯಿರಿ ಎನ್ನುವವರಿದ್ದಾರೆ. ನಾನು ಹೊಡೆಯುವುದಿಲ್ಲ. ಝಿಪ್ಪಿಗೆ ಎರಡು ರನ್ನರ್ ಇದ್ದರೆ ಅವು ಎಡಭುಜದ ಹತ್ತಿರ ಸೇರುವಂತೆ ಎಳೆದು, ನಡುವೆ ಬೆರಳಗಲ ಬಿಟ್ಟು ಪೈಪ್ ಹೊರತೆಗೆದರೆ ಮುಗಿಯಿತು.

ಎಡಭುಜ ಯಾಕೆಂದರೆ, ಬಲಗೈಯವನು ಬಂದೂಕಿನ ಹಿಡಿಯನ್ನು ಬಲಭುಜಕ್ಕೆ ಒತ್ತುತ್ತಾನೆ. ಆ ಭುಜದಲ್ಲಿ ಪೈಪಿದ್ದರೆ ತೊಡಕು. ಅಮೆರಿಕದ ಬೇಟೆಗಾರರು ಅದಕ್ಕೇ ಪೈಪನ್ನು ಎಡಕ್ಕೆ ತರುತ್ತಾರೆ. ನನಗೆ ಬಂದೂಕಿಲ್ಲ, ಆದರೆ ಕ್ಯಾಮೆರಾ ಪಟ್ಟಿ ಬಲಕ್ಕೆ ಜಾರಾಡುತ್ತಿರುತ್ತದೆ, ಲೆನ್ಸ್ ಎತ್ತುವುದೂ ಬಲಗೈ. ಎಡಗೈಯವರು ಉಲ್ಟಾ ಮಾಡಿಕೊಳ್ಳಿ. ಪೈಪ್ ಭುಜದ ಪಟ್ಟಿಯ ಇಲಾಸ್ಟಿಕ್ಕಿನ ಕೆಳಗೆ ಹಾದು, ತುದಿ ಬಾಯಿಯಿಂದ ಒಂದು ಗೇಣು ದೂರದಲ್ಲಿ ನಿಲ್ಲಬೇಕು. ಉದ್ದ ಇದ್ದರೆ ಪೊದೆಗೆ ಸಿಕ್ಕಿ ವಾಲ್ವೇ ಕಿತ್ತುಬರುತ್ತದೆ. ಕತ್ತರಿಸಿ, ಆದರೆ ಬ್ಯಾಗ್ ಹೊತ್ತು ನಿಂತು ಅಳೆದ ಮೇಲೆ. ಹೊಸ ಬ್ಲೇಡಿನಿಂದ ನೇರವಾಗಿ, ಒಂದೊಂದೇ ಇಂಚು. ವಾಲ್ವ್ ಮತ್ತೆ ತೂರದಿದ್ದರೆ ಪೈಪಿನ ತುದಿಯನ್ನು ಬಿಸಿನೀರಿನಲ್ಲಿ ಒಂದು ನಿಮಿಷ ಅದ್ದಿ.

ಇನ್ನು ಸದ್ದು. ಸೋಮೇಶ್ವರದ ಕಾಡಿನಲ್ಲಿ ಒಂದು ಮಲಬಾರ್ ಟ್ರೋಗನ್ ಗಂಡು ಕೂತಿತ್ತು, ಕೆಂಪು ಹೊಟ್ಟೆ ನಮ್ಮ ಕಡೆಗೇ. ನಾನು ಎರಡು ಹೆಜ್ಜೆ ಇಟ್ಟೆ. ಬೆನ್ನಲ್ಲಿ ಗುಳುಗುಳು. ಇನ್ನೆರಡು ಹೆಜ್ಜೆ. ಗುಳುಗುಳು. ಮುಂದಿದ್ದ ಗೆಳೆಯ ತಿರುಗಿ ನೋಡಿದ ನೋಟ ಈಗಲೂ ನೆನಪಿದೆ. ಹಕ್ಕಿಯೂ ನೋಡಿತು, ಹೋಯಿತು.

ಗುಳುಗುಳು ಅನ್ನುವುದು ನೀರಲ್ಲ, ಒಳಗಿರುವ ಗಾಳಿ. ಗಾಳಿ ತೆಗೆದರೆ ನೀರಿಗೆ ಓಡಾಡಲು ಜಾಗವೇ ಇರುವುದಿಲ್ಲ. ತುಂಬಿಸಿ ಬಾಯಿ ಮುಚ್ಚಿದ ಮೇಲೆ ಚೀಲವನ್ನು ತಲೆಕೆಳಗೆ ಹಿಡಿಯಿರಿ. ಪೈಪ್ ಹೊರಡುವ ಜಾಗ ಈಗ ಮೇಲಕ್ಕೆ ಬಂತು, ಗಾಳಿಯೂ ಅಲ್ಲಿಗೇ ಬಂತು. ವಾಲ್ವ್ ಕಚ್ಚಿ ಚೀಪಿ. ಮೊದಲು ಗಾಳಿ ಬರುತ್ತದೆ, ಚೀಲ ಕುಗ್ಗುತ್ತದೆ, ಆಮೇಲೆ ನೀರು. ನೀರು ಬಾಯಿಗೆ ಬಂದ ಕೂಡಲೇ ನಿಲ್ಲಿಸಿ. ಇಷ್ಟೇ. ಈ ಒಂದು ನಿಮಿಷದ ಕೆಲಸ ಗೊತ್ತಿಲ್ಲದೆ ನಾನು ಎರಡು ವರ್ಷ ಗುಳುಗುಳು ಅನ್ನುತ್ತಾ ತಿರುಗಿದ್ದೇನೆ. ದಾರಿಯಲ್ಲಿ ಕುಡಿಯುತ್ತಾ ಹೋದಂತೆ ಹೊರಗಿನ ಗಾಳಿ ಒಳಗೆ ಹೋಗುವುದಿಲ್ಲ, ಚೀಲವೇ ಕುಗ್ಗುತ್ತದೆ. ಹಾಗಾಗಿ ಕೊನೆಯವರೆಗೂ ಸದ್ದಿಲ್ಲ. ಒಂದೇ ಒಂದು ಅಪವಾದ, ಬಿಸಿಲಿನ ಉಪಾಯ. ಪೈಪಿನಲ್ಲಿ ನಿಂತ ನೀರು ಬಿಸಿಲಿಗೆ ಕಾದು ಮೊದಲ ಗುಟುಕು ಚಹಾದಂತೆ ಇರುತ್ತದೆ. ಕುಡಿದಾದ ಮೇಲೆ ಒಮ್ಮೆ ಉಫ್ ಎಂದು ಊದಿ ನೀರನ್ನು ಚೀಲಕ್ಕೆ ವಾಪಸ್ ಕಳಿಸಿದರೆ ಹಾಗಾಗುವುದಿಲ್ಲ. ಹಿಮ ಬೀಳುವ ಊರುಗಳಲ್ಲಿ ಪೈಪ್ ಹೆಪ್ಪುಗಟ್ಟದಿರಲು ಇದನ್ನೇ ಮಾಡುತ್ತಾರೆ. ಆದರೆ ಊದಿದಷ್ಟು ಗಾಳಿ ಒಳಗೆ ಸೇರುತ್ತದೆ. ಗಡಾಯಿಕಲ್ಲಿನ ಬಂಡೆ ಹತ್ತುವಾಗ ಊದಿ, ಹಕ್ಕಿ ಹುಡುಕುವಾಗ ಬೇಡ.

ಗಡಾಯಿಕಲ್ಲು ಅಂದಾಗ ನೆನಪಾಯಿತು. ಬೆಳ್ತಂಗಡಿ ಹತ್ತಿರದ ಆ ಬಂಡೆಯ ಮೇಲೆ ಟಿಪ್ಪು 1794ರಲ್ಲಿ ಕಟ್ಟಿಸಿದ ಕೋಟೆಯಿದೆ. ಮೆಟ್ಟಿಲು ಸಾವಿರದ ಎಂಟುನೂರಕ್ಕೂ ಜಾಸ್ತಿ. ಹೊಸ ಚೀಲವನ್ನು ಪರೀಕ್ಷಿಸಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಮಾರ್ಚಿನಲ್ಲಿ ಒಮ್ಮೆ ನಾನು ಅಲ್ಲಿ ಬತ್ತಿಹೋದೆ. ಇಳಿಯುವಾಗ ಅರ್ಧದಲ್ಲಿ ಪೈಪ್ ಸುರ್ ಅಂತು, ಖಾಲಿ. ಬಾಟಲಿಯಾದರೆ ಎಷ್ಟು ಉಳಿದಿದೆ ಎಂದು ಕಣ್ಣಿಗೆ ಕಾಣುತ್ತದೆ, ಬೆನ್ನಲ್ಲಿರುವುದು ಕಾಣುವುದಿಲ್ಲ. ಮೇಲಾಗಿ ಪೈಪ್ ಬಾಯಿಯ ಹತ್ತಿರವೇ ಇರುವುದರಿಂದ ಗೊತ್ತಿಲ್ಲದೆ ಚೀಪುತ್ತಲೇ ಇರುತ್ತೇವೆ. ಮನೆಗೆ ಬಂದು ಲೀಟರಿನ ಅಳತೆ ಚೆಂಬಿನಲ್ಲಿ ಪೈಪ್ ಅದ್ದಿ ಎಣಿಸಿದೆ. ನನ್ನ ಒಂದು ಗುಟುಕು 30 ಮಿಲಿಲೀಟರಿನ ಆಸುಪಾಸು, ಮೂವತ್ತಮೂರು ಗುಟುಕಿಗೆ ಲೀಟರ್ ಖಾಲಿ. ನೀವೂ ಎಣಿಸಿ, ನಿಮ್ಮದು ಬೇರೆ ಇರಬಹುದು. ಆಮೇಲೆ ಕಾಲು ಗಂಟೆಗೆ ನಾಲ್ಕೈದು ಗುಟುಕು ಎಂದು ಇಟ್ಟುಕೊಂಡರೆ ಗಂಟೆಗೆ ಅರ್ಧ ಲೀಟರಿನ ಆಸುಪಾಸು ಆಗುತ್ತದೆ. ಬಿಸಿಲಿನ ಏರಿಗೆ ಅದೂ ಸಾಲದು, ಜಾಸ್ತಿ ಬೇಕು. ಈಗ ಚೀಲದ ಜೊತೆಗೆ ಅರ್ಧ ಲೀಟರಿನ ಸ್ಟೀಲ್ ಬಾಟಲಿ ಬೇರೆ ಇಡುತ್ತೇನೆ. ಅದನ್ನು ಮುಟ್ಟುವುದು ಸುರ್ ಎಂದ ಮೇಲೆಯೇ.

ಆ ಬಾಟಲಿಯಲ್ಲಿ ಓಆರ್‌ಎಸ್ ಇರುತ್ತದೆ. ಪೊಟ್ಟಣ ಇಲ್ಲದಿದ್ದರೆ ಲೀಟರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಹಾ ಚಮಚದ ಸಮತಟ್ಟು ಅಳತೆ. ಚೀಲಕ್ಕೆ ಮಾತ್ರ ನೀರಲ್ಲದೆ ಬೇರೇನೂ ಬೇಡ. ಒಂದು ಏಪ್ರಿಲ್‌ನಲ್ಲಿ ಬುದ್ಧಿವಂತಿಕೆ ಮಾಡಿ ಪುನರ್ಪುಳಿ ಶರಬತ್ತು ತುಂಬಿಸಿದ್ದೆ. ಕುದುರೆಮುಖದ ಹಾದಿಯಲ್ಲಿ ಆಹಾ ಅನ್ನಿಸಿತು. ಬಂದು ಸುಸ್ತಾಗಿ ಮಲಗಿದೆ, ಎರಡು ದಿನ ಮರೆತೆ. ಪೈಪಿನೊಳಗೆ ಕಪ್ಪು ಬೂಷ್ಟು ಹಬ್ಬಿತ್ತು. ಚೀಲ ಇವತ್ತಿಗೂ ನಸುಗುಲಾಬಿ.

ನೀರು ಸಾಮಾನಿನ ಮೇಲೆ ಬೀಳುವುದು ಸೋರಿಕೆಯಿಂದ ಮಾತ್ರ ಅಂದುಕೊಳ್ಳಬೇಡಿ. ಫ್ರಿಜ್ಜಿನ ನೀರು ತುಂಬಿದರೆ ನಮ್ಮ ಕರಾವಳಿಯ ಸೆಕೆಗೆ ಚೀಲವೇ ಬೆವರುತ್ತದೆ. ಒಣ ಊರಿನವರಿಗೆ ಇದು ಅರ್ಥವಾಗುವುದಿಲ್ಲ. ಒಂದು ತೆಳು ಬೈರಾಸು ಸುತ್ತಿ ಇಳಿಸಿ, ತಂಪೂ ಉಳಿಯುತ್ತದೆ, ಬೆವರೂ ಹೀರುತ್ತದೆ. ಕ್ಯಾಮೆರಾ, ಮೊಬೈಲ್, ಪರ್ಸ್ ಎಂದಿಗೂ ಚೀಲದ ಕೆಳಗೆ ಬೇಡ. ನೀರಿಗೆ ಗೊತ್ತಿರುವುದು ಕೆಳಗಿನ ದಾರಿ ಒಂದೇ. ದಪ್ಪ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಮೇಲ್ಭಾಗದಲ್ಲಿಡಿ. ಬ್ಯಾಗ್ ಕೆಳಗಿಡುವ ಮುನ್ನ ವಾಲ್ವಿನ ಸನ್ನೆ ತಿರುಗಿಸಿ ಬಂದ್ ಮಾಡಿ. ಜೀಪಿನಲ್ಲಿ ಯಾರದೋ ಬ್ಯಾಗ್ ನಿಮ್ಮ ವಾಲ್ವಿನ ಮೇಲೆ ಕೂತರೆ ಸೀಟು ಪೂರ್ತಿ ಒದ್ದೆ. ಒದ್ದೆ ಸೀಟು ನನ್ನ ಅಂಗಡಿಗೆ ಬರುತ್ತದೆ, ಅದು ಬೇರೆ ಮಾತು.

ದಾರಿಯಲ್ಲಿ ಮತ್ತೆ ತುಂಬಿಸುವುದು ತಲೆನೋವು. ಮುಳ್ಳೋಡಿಯಿಂದ ಕುದುರೆಮುಖ ಶಿಖರಕ್ಕೆ ಹೋಗಿ ಬರುವುದು ಸುಮಾರು 20 ಕಿಲೋಮೀಟರ್, ಮೂರು ಲೀಟರ್ ಸಾಲುವುದಿಲ್ಲ. ಹಳ್ಳಗಳಿವೆ. ಚೀಲ ಹೊರಗೆಳೆದು ತುಂಬಿ ಮತ್ತೆ ತುರುಕಲು ಹೋದರೆ ಬ್ಯಾಗಿನ ಸಾಮಾನೆಲ್ಲ ಕಲ್ಲಿನ ಮೇಲೆ, ಉಂಬಳ ಹತ್ತಲು ಅಷ್ಟು ಸಾಕು. ಬಾಟಲಿಯಲ್ಲಿ ನೀರು ಹಿಡಿದು ಫಿಲ್ಟರ್ ಮಾಡಿ, ಚೀಲದ ಬಾಯಿಯನ್ನು ಬ್ಯಾಗಿನಿಂದ ಸ್ವಲ್ಪ ಮೇಲೆತ್ತಿ ಅಲ್ಲೇ ಸುರಿಯಿರಿ. ಹಳ್ಳದ ನೀರು ಎಷ್ಟು ತಿಳಿಯಾಗಿದ್ದರೂ ನೇರ ಚೀಲಕ್ಕೆ ಬೇಡ. ಇಲಿಜ್ವರ ನಮ್ಮ ಜಿಲ್ಲೆಗಳಿಗೆ ಹೊಸದಲ್ಲ. ಕುದಿಸಿದ ನೀರಾದರೆ ಆರಿಸಿಯೇ ತುಂಬಿ.

ಹಾಂ, ಈ ಬಣ್ಣದ ಬ್ಯಾಗ್ ಹೊತ್ತರೆ ಅರಣ್ಯದ ಗೇಟಿನಲ್ಲಿ ಐದು ನಿಮಿಷ ಜಾಸ್ತಿ ಹಿಡಿಯುತ್ತದೆ. ಎಲೆ ಎಲೆ ಚಿತ್ರ, ಬಂದೂಕಿನ ಜೇಬು, ಅವರಿಗೆ ಅನುಮಾನ ಬರುವುದು ಸಹಜ. ಒಮ್ಮೆ ಗಾರ್ಡ್ ಒಬ್ಬರು ಪೈಪ್ ಹಿಡಿದು, "ಇದೆಂತದ್ದು?" ಎಂದರು. ಕುಡಿದು ತೋರಿಸಿದೆ. ಟ್ರೈಪಾಡ್ ಹೊರತೆಗೆದು ತೋರಿಸಿದೆ. ನಕ್ಕು ಬಿಟ್ಟರು. ಪ್ಲಾಸ್ಟಿಕ್ ಬಾಟಲಿ ಎಣಿಸಿ ಬರೆದುಕೊಳ್ಳುವ ಗೇಟುಗಳಲ್ಲಿ ಮಾತ್ರ ನಮ್ಮ ಕೆಲಸ ಬೇಗ ಮುಗಿಯುತ್ತದೆ.

ಈಗ ಒಣಗಿಸುವುದು. ಉಡುಪಿಯಲ್ಲಿ ಕುಳಿತು ನೀರಿನ ಚೀಲದ ಬಗ್ಗೆ ಬರೆಯುವವನು ಇದಕ್ಕೇ ಅರ್ಧ ಜಾಗ ಕೊಡಬೇಕು. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನ ಬೆಲ್ಟಿಗೇ ಬೂಷ್ಟು ಬರುತ್ತದೆ, ಚೀಲ ಬಿಡುತ್ತದೆಯೇ? ಮನೆಗೆ ಬಂದ ರಾತ್ರಿಯೇ ನೀರು ಚೆಲ್ಲಿ. ಉಗುರುಬೆಚ್ಚಗಿನ ನೀರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿ ಅಲುಗಾಡಿಸಿ, ವಾಲ್ವ್ ಒತ್ತಿ ಪೈಪಿನೊಳಗೂ ಹರಿಸಿ, ಅರ್ಧ ಗಂಟೆ ಬಿಟ್ಟು ತೊಳೆಯಿರಿ. ವಾಸನೆ ಹೋಗದಿದ್ದರೆ ಲಿಂಬೆರಸ. ಪೈಪಿಗೆ ಬ್ರಷ್ ಸಿಗದಿದ್ದರೆ ಗಾಳದ ನೈಲಾನ್ ದಾರಕ್ಕೆ ಸಣ್ಣ ಬಟ್ಟೆಯ ಗಂಟು ಕಟ್ಟಿ ಒಳಗಿಂದ ಎಳೆಯಿರಿ. ದಾರ ಗಟ್ಟಿ ಇರುವುದರಿಂದ ತಾನೇ ದೂಡಿಕೊಂಡು ಹೋಗುತ್ತದೆ. ಆಮೇಲೆ ಅಂಗಳಕ್ಕೆ ಹೋಗಿ ಪೈಪನ್ನು ಚಾಟಿಯಂತೆ ಬೀಸಿ. ಹನಿ ಎಲ್ಲ ಹಾರಿಹೋಗುತ್ತದೆ.

ಚೀಲ ಒಣಗದಿರುವುದಕ್ಕೆ ಕಾರಣ ಎರಡು ಪದರ ಒಂದಕ್ಕೊಂದು ಅಂಟಿಕೊಳ್ಳುವುದು. ಒಳಗೆ ಏನಾದರೂ ಇಟ್ಟು ಅಗಲಿಸಬೇಕು. ನಾನು ಅಮ್ಮನ ಕಡಗೋಲು ಇಟ್ಟೆ. ಅದರ ತಲೆ ಹೂವಿನಂತೆ ಅರಳಿಕೊಂಡಿರುವುದರಿಂದ ಚೀಲ ಚೆಂದಕ್ಕೆ ತೆರೆದು ನಿಂತಿತು. ಬಾಯಿ ಅಗಲ ಇರಲಿ ಎಂದದ್ದು ಇದಕ್ಕೇ. ಮೊದಲು ಬಚ್ಚಲಿನ ಒಲೆಯ ಮೇಲೆ ನೇತುಹಾಕಿದ್ದೆ. ಬೇಗ ಒಣಗಿತು ನಿಜ, ಆದರೆ ಮೂರು ಪ್ರವಾಸ ಹೊಗೆ ನೀರು ಕುಡಿದೆ. ಈಗ ಅಂಗಡಿಯ ಫ್ಯಾನಿನ ಕೆಳಗೆ. ಆಟಿ ತಿಂಗಳ ಜಡಿಮಳೆಯಲ್ಲಿ ಫ್ಯಾನಿಗೂ ಒಣಗದಿದ್ದರೆ ಫ್ರೀಜರಿನಲ್ಲಿಡಿ, ತಣ್ಣಗೆ ಹೆಪ್ಪುಗಟ್ಟಿದಲ್ಲಿ ಬೂಷ್ಟು ಬೆಳೆಯುವುದಿಲ್ಲ. ಗಟ್ಟಿಯಾಗಿ ಮುಚ್ಚುವ ಕವರಿನಲ್ಲಿ ಹಾಕಿಯೇ ಇಡಿ. ನಮ್ಮ ಫ್ರೀಜರಿನಲ್ಲಿ ಬಂಗುಡೆ ಇತ್ತು. ಮತ್ತೆ ಸೋಡಾ, ಮತ್ತೆ ಲಿಂಬೆ.

ಕಡಗೋಲಿನ ವಿಷಯದಲ್ಲಿ ಅಮ್ಮ ಒಂದು ದಿನ ಸುಮ್ಮನಿದ್ದರು. ಮರುದಿನ ಮಜ್ಜಿಗೆ ಕಡೆಯಲು ಹುಡುಕಿ, ಅಂಗಡಿಯವರೆಗೆ ಬಂದು, ಚೀಲದ ಬಾಯಿಂದ ಎಳೆದುಕೊಂಡು ಹೋದರು. ಈಗ ರಥಬೀದಿಯಿಂದ ಇನ್ನೊಂದು ತಂದಿದ್ದೇನೆ. ಅದರ ಹಿಡಿಯ ಮೇಲೆ ಮಾರ್ಕರಿನಲ್ಲಿ "ಚೀಲದ್ದು" ಎಂದು ಬರೆದಿದೆ.